ರಸಬಾಳೆಯ ಎಳೆಸಸಿಗೆ ಒಳಮನೆಯ ಆರೈಕೆ



ತಿರುಮಕೂಡಲು ನರಸೀಪುರದ ಕಡೆಯ ತಾಯಿಯೊಬ್ಬರು ಕಳೆದ ತಿಂಗಳು ನನಗೊಂದು ಪತ್ರ ಬರೆದಿದ್ದರು. ಅಕ್ಕರೆಯಿಂದ ತಂದ ಇಪ್ಪತ್ತು ನಂಜನಗೂಡು ರಸಬಾಳೆಯ ಸಸಿಗಳಲ್ಲಿ ಹದಿನಾಲ್ಕು ಸತ್ತುಹೋದವಂತೆ. ಅಂಗಾಂಶ ಕೃಷಿಯ ಎಳೆಸಸಿಗಳವು; ಎತ್ತರ ಒಂದು ಬೆರಳಿಗಿಂತ ಹೆಚ್ಚಿಲ್ಲ. ಬಿಸಿಲಿಗೆ ಬಾಡದಿರಲೆಂದು ನಡುಮನೆಯ ಕಿಟಕಿಯ ಬಳಿ ಇರಿಸಿ, ಹೊತ್ತುಹೊತ್ತಿಗೆ ನೀರೆರೆದರು. ಕೆಲವು ಬುಡ ಕೊಳೆತು ಮಲಗಿದವು. ಕೆಲವು ಬೆಳ್ಳಗೆ, ನೀಳವಾಗಿ ಬೆಳೆದು ಬಾಗಿದವು. ಚೆನ್ನಾಗಿದ್ದವನ್ನು ಹಿತ್ತಲಿಗೆ ನೆಟ್ಟರೆ ಎರಡೇ ದಿನದಲ್ಲಿ ಎಲೆ ಸುಟ್ಟಂತಾದವು. “ಮಕ್ಕಳಂತೆ ನೋಡಿಕೊಂಡೆ ಗುರುಗಳೇ, ಎಲ್ಲಿ ತಪ್ಪಿದೆ?” ಎಂಬುದು ಆ ತಾಯಿಯ ಪ್ರಶ್ನೆ. ಇದೇ ಪ್ರಶ್ನೆಯನ್ನು ನಂಜನಗೂಡಿನಲ್ಲಿಯೂ ಹಲವರು ನನ್ನೊಡನೆ ಎತ್ತಿರುವುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

ಬುಡದಲ್ಲಿ ಒಡೆದ ಕಂದನ್ನು ಅಗೆದು ನೆಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಹೀಗಿರಲಾಗಿ ಗಾಜಿನ ಬಾಟಲಿಯಲ್ಲಿ ಹುಟ್ಟಿದ ಸಸಿಯ ಹಂಗೇಕೆ ಎಂದು ಕೇಳುವವರುಂಟು. ದೇವರಸನಹಳ್ಳಿಯ ಹೆಸರಿನೊಡನೆ ಬೆಸೆದುಕೊಂಡಿರುವ, 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಬಾಳೆಯನ್ನು ಬಹುಮಟ್ಟಿಗೆ ಕುಗ್ಗಿಸಿದ್ದು ಪನಾಮಾ ಸೊರಗು ರೋಗ. ಇದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ. ಬೇರಿನ ಮೂಲಕ ಗೆಡ್ಡೆಯನ್ನು ಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಹಾಕುತ್ತದೆ. ಮೊದಲು ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ. ಅನಂತರ ಎಲೆಗಳು ತೊಟ್ಟಿನಲ್ಲಿ ಮುರಿದು ಕಾಂಡದ ಸುತ್ತ ಜೋತುಬೀಳುತ್ತವೆ. ಕಾಂಡವನ್ನು ಕಡಿದು ನೋಡಿದರೆ ಒಳಗೆ ಕೆಂಗಂದು ಗೆರೆಗಳು. ಮಧ್ಯ ಅಮೆರಿಕದಲ್ಲಿ ಗ್ರೋಸ್ ಮಿಷೆಲ್ ಎಂಬ ತಳಿಯ ಬಾಳೆಯ ವಾಣಿಜ್ಯವನ್ನು 1950-60ರ ಹೊತ್ತಿಗೆ ಮುಗಿಸಿದ್ದು ಇದೇ ರೋಗ. ಆ ದೇಶಗಳು ರೋಗ ತಡೆಯುವ ಕ್ಯಾವೆಂಡಿಷ್ ತಳಿಗೆ ಹೊರಳಿಕೊಂಡವು. ನಮಗೆ ಆ ದಾರಿ ಇಲ್ಲ. ರಸಬಾಳೆಯ ಬದಲಿಗೆ ಬೇರೊಂದನ್ನು ನೆಟ್ಟರೆ ಅದು ರಸಬಾಳೆಯಲ್ಲ.

ನೋಡಲು ಆರೋಗ್ಯವಾಗಿರುವ ಕಂದಿನ ಗೆಡ್ಡೆಯಲ್ಲಿಯೂ, ಅದಕ್ಕಂಟಿದ ಹಿಡಿ ಮಣ್ಣಿನಲ್ಲಿಯೂ ಈ ಶಿಲೀಂಧ್ರ ಅಡಗಿರಬಲ್ಲದು. ನೆಂಟರ ಮನೆಯಿಂದ ಪ್ರೀತಿಯಿಂದ ತಂದ ಕಂದಿನ ಜೊತೆಗೆ ರೋಗವನ್ನೂ ತಂದ ಮನೆಗಳು ನಮ್ಮಲ್ಲಿ ಅನೇಕ. ಬೆಳೆಯುವ ತುದಿಯ ಒಂದು ಚೂರನ್ನು ಮಾತ್ರ ತೆಗೆದು, ಶುದ್ಧಗೊಳಿಸಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಸಸಿಗೆ ಈ ದೋಷವಿರುವುದಿಲ್ಲ. ಅದರ ಪ್ರಯೋಜನ ಇಷ್ಟು.

ಆದರೆ ಆ ಸಸಿಯ ಬಾಲ್ಯ ಎಂತಹುದೆಂಬುದನ್ನು ತಿಳಿಯದೆ ಅದನ್ನು ಸಾಕುವುದು ಕಷ್ಟ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಪೋಷಕ ದ್ರವದ ಸೂತ್ರವೇ ಇಂದಿಗೂ ಇಂತಹ ಪ್ರಯೋಗಶಾಲೆಗಳ ಅಡಿಗೆಯ ಆಧಾರ. ಲೀಟರಿಗೆ ಸಾಮಾನ್ಯವಾಗಿ 30 ಗ್ರಾಂ ಸಕ್ಕರೆ ಬೆರೆತ ಆ ಪಾಕದಲ್ಲಿ, ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ, ದಿನಕ್ಕೆ 16 ಗಂಟೆಗಳ ದೀಪದ ಬೆಳಕಿನಲ್ಲಿ ಸಸಿ ಬೆಳೆಯುತ್ತದೆ. ಬೆಳಕಿನಿಂದ ತನ್ನ ಅನ್ನವನ್ನು ತಾನೇ ಪೂರ್ತಿಯಾಗಿ ಬೇಯಿಸಿಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ಬಾಟಲಿಯ ಗಾಳಿ ತೇವದಿಂದ ತುಂಬಿರುವುದರಿಂದ ಎಲೆಯ ಮೇಲಿನ ಮೇಣದ ಹೊದಿಕೆ ತೀರ ತೆಳುವಾಗಿರುತ್ತದೆ. ಎಲೆಯ ರಂಧ್ರಗಳಿಗೆ ಬೇಕಾದಾಗ ಮುಚ್ಚಿಕೊಳ್ಳುವುದು ತಿಳಿದಿರುವುದಿಲ್ಲ. ನಮ್ಮ ಚೈತ್ರ ವೈಶಾಖದ ಒಣಗಾಳಿಗೆ ಒಡ್ಡಿದರೆ ಬುಡದಲ್ಲಿ ನೀರಿದ್ದರೂ ಎಲೆ ಒಣಗುವುದು ಇದರಿಂದಲೇ. ಅದನ್ನು ಮೆಲ್ಲಮೆಲ್ಲನೆ ಹದಗೊಳಿಸಬೇಕು: ಮೊದಲು ನಾಲ್ಕರಿಂದ ಆರು ವಾರ ಕುಳಿತಟ್ಟೆಯಲ್ಲಿ, ಆಮೇಲೆ ಆರರಿಂದ ಎಂಟು ವಾರ ಚೀಲದಲ್ಲಿ. ಮುಂಗಾರಿನ ಜೂನ್-ಜುಲೈಗೆ ನೆಡುವವರು ಯುಗಾದಿಯ ಹೊತ್ತಿಗೆ ಸಸಿ ಹಿಡಿದಿರಬೇಕೆನ್ನುವುದು ಈ ಲೆಕ್ಕದಿಂದ. ಎರಡನೆಯ ಹಂತವನ್ನೂ ಮುಗಿಸಿ ಒಂದಡಿ ಎತ್ತರವಾದ ಸಸಿಗಳು ಮಾರಾಟಕ್ಕೆ ದೊರೆಯುತ್ತವೆ. ತಾಳ್ಮೆ ಇಲ್ಲದವರು ಸ್ವಲ್ಪ ಹೆಚ್ಚು ಹಣ ಕೊಟ್ಟು ಅವನ್ನೇ ತರುವುದು ಲೇಸು.

ಬೆಳಕಿನ ಮಾತನ್ನು ಮೊದಲು ಹೇಳುತ್ತೇನೆ. ನಡುಹಗಲಿನ ಬಯಲಿನಲ್ಲಿ ಬೆಳಕಿನ ಅಳತೆ ಸುಮಾರು 1,00,000 ಲಕ್ಸ್. ನಡುಮನೆಯಲ್ಲಿ ಪತ್ರಿಕೆ ಓದಲು ಸಾಕೆನಿಸುವ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಎಲೆ ಹೊಂದಿಕೊಳ್ಳಲಾರದು. ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡಿ ನೆರಳಿನಲ್ಲಿ ಬೆಳೆಸುವ ಧಾನ್ಯದ ಸಸಿಗಳು ಹಳದಿಯಾಗಿ, ನೀಳವಾಗಿ ಇರುವುದನ್ನು ಕಂಡವರಿಗೆ ಇದರ ಕಾರಣವನ್ನು ಬೇರೆ ಹೇಳಬೇಕಿಲ್ಲ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸರೊಡನೆ ಹುಲ್ಲಿನ ಮೊಳಕೆಗಳ ತುದಿಗೆ ಪುಟ್ಟ ಟೋಪಿ ತೊಡಿಸಿ ಪರೀಕ್ಷಿಸಿ, ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಭಾಗ ಎಂದು 1880ರಲ್ಲಿ ಪ್ರಕಟಿಸಿದರು. ಕಿಟಕಿಯ ಕಡೆಗೆ ಬಾಗಿದ ಆ ತಾಯಿಯ ಸಸಿಗಳು ಬೆಳಕನ್ನು ಅರಸುತ್ತಿದ್ದವು.

ಇದಕ್ಕೆ ದುಬಾರಿ ದೀಪವೇನೂ ಬೇಡ. ಅಡಿಗೆಮನೆಗೆ ಹಾಕುವ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬುಗಳೆರಡನ್ನು ಹಲಗೆಯ ಅಡಿಗೆ ಕಟ್ಟಿ, ಸಸಿಯ ತುದಿಯಿಂದ ಒಂದು ಗೇಣಿಗಿಂತ ಹೆಚ್ಚು ಎತ್ತರವಿರದಂತೆ ನೋಡಿಕೊಳ್ಳಬೇಕು. ಸೂರಿನಷ್ಟು ಎತ್ತರದಲ್ಲಿ ಉರಿಯುವ ದೀಪ ಮನೆಯವರಿಗೆ ಬೆಳಕಾದೀತೇ ಹೊರತು ಸಸಿಗಲ್ಲ. ಸಸಿ ಬೆಳೆದಂತೆ ಹಲಗೆಯನ್ನು ಮೇಲೆತ್ತಬೇಕು. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಾಕು, ರಾತ್ರಿ ಆರಿಸಬೇಕು. ತಗಡಿನ ಸೂರಿನ ಕೋಣೆಯಾದರೆ ಬೇಡ, ಬೇಸಗೆಯಲ್ಲಿ ಅದು ಒಲೆಯಂತಾಗುತ್ತದೆ.

ನೀರಿನ ಮಾತಿಗೆ ಬಂದರೆ, ಒಳಮನೆಯಲ್ಲಿ ಸಸಿಗಳು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ಗಾಳಿಯಾಡದ, ಸದಾ ಒದ್ದೆಯಾದ ಬುಡದಲ್ಲಿ ಪಿಥಿಯಂ ಮುಂತಾದ ಕೊಳೆಸುವ ಜೀವಿಗಳು ಹೆಚ್ಚಿ, ಎಳೆಯ ಕಾಂಡ ಮಣ್ಣಿನ ಮಟ್ಟದಲ್ಲಿ ಬಿಸಿನೀರು ಬಿದ್ದಂತೆ ಮೆತ್ತಗಾಗಿ ಮುರಿದುಬೀಳುತ್ತದೆ. ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಬಿಲ್ವದ ಸಸಿಗಳಿಗೆ ನೀರು ಹಾಕುವ ಸರದಿ ನಮ್ಮದಾಗಿತ್ತು. ಸರದಿ ಮುಗಿಸುವ ಆತುರದಲ್ಲಿ ಕೊಡಗಟ್ಟಲೆ ಸುರಿಯುತ್ತಿದ್ದೆವು. ತೋಟದ ಕೆಲಸದ ಅಜ್ಜ ಒಂದು ದಿನ ನನ್ನ ಕೈ ಹಿಡಿದು, ಬೆರಳನ್ನು ಮಣ್ಣಿಗೆ ಚುಚ್ಚಿಸಿ, “ಇದನ್ನ ಕೇಳು, ಗಡಿಯಾರ ಕೇಳಬೇಡ” ಎಂದರು. ವ್ಯಾಕರಣದ ಎಷ್ಟೋ ಸೂತ್ರಗಳನ್ನು ಮರೆತಿದ್ದೇನೆ, ಈ ಮಾತು ಮರೆತಿಲ್ಲ. ಕುಳಿತಟ್ಟೆಗೆ ಬೆರಳು ಚುಚ್ಚಲಾಗದು. ತಟ್ಟೆಯನ್ನು ಎತ್ತಿ ಭಾರ ನೋಡಿದರೆ ನಾಲ್ಕು ದಿನದಲ್ಲಿ ಕೈಗೆ ತಿಳಿಯುತ್ತದೆ. ಹಗುರವಾದಾಗ ಮಾತ್ರ, ಬೆಳಗಿನ ಹೊತ್ತು, ತಟ್ಟೆಯನ್ನು ನೀರಿರುವ ಅಗಲವಾದ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿನಿಂದ ಹೀರಿಸಿ, ಎತ್ತಿ ಸೋರಲು ಬಿಡಬೇಕು.

ಬುಡದಲ್ಲಿ ನೀರು ಮಿತವಾಗಿರಬೇಕು, ಎಲೆಯ ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಿರಬೇಕು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಸಸಿಗಳು ಹಾಳಾಗುತ್ತವೆ. ಬಿದಿರಿನ ದಬ್ಬೆಗಳನ್ನು ಬಾಗಿಸಿ ತಟ್ಟೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೊದಲ ಹತ್ತು ದಿನ ಬೆಳಿಗ್ಗೆ ಸಂಜೆ ತುಸು ಹೊತ್ತು ಮಾತ್ರ ತೆರೆದು ಗಾಳಿಯಾಡಿಸಿ. ಅನಂತರ ದಿನಕ್ಕಿಷ್ಟು ಎಂದು ತೆರೆಯುವ ಹೊತ್ತನ್ನು ಹೆಚ್ಚಿಸುತ್ತಾ ಮೂರನೆಯ ವಾರದ ಕೊನೆಗೆ ಹಾಳೆಯನ್ನು ತೆಗೆದುಬಿಡಬಹುದು. ಹೊಸ ಎಲೆಯೊಂದು ಬಿಚ್ಚಿಕೊಂಡ ಮೇಲೆ, 19:19:19 ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಹಸಿ ಸಗಣಿಯ ಬಗ್ಗಡ ಎಳೆಸಸಿಗೆ ಬೇಡ.

ಶುಚಿತ್ವದ ವಿಷಯದಲ್ಲಿ ನರಸೀಪುರದ ಸೀಮೆಯ ತಾಯಂದಿರಿಗೆ ನಾನು ಉಪದೇಶ ಮಾಡುವುದು ಅಧಿಕಪ್ರಸಂಗವಾದೀತು. ರೇಷ್ಮೆಯ ಆ ಸೀಮೆಯಲ್ಲಿ ಚಾಕಿ ಹುಳು ಸಾಕಿದ ಕೈಗಳವು. ಮೊದಲ ಎರಡು ಜ್ವರ ಕಳೆಯುವವರೆಗೆ 27-28 ಡಿಗ್ರಿಯ ಶಾಖ, ಗಾಳಿಯಲ್ಲಿ ನೂರಕ್ಕೆ 80-90ರಷ್ಟು ತೇವ, ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಹೊರಗಿನ ಬುಟ್ಟಿ ಒಳಗೆ ತರುವಂತಿಲ್ಲ. ಬಾಳೆಯ ಸಸಿ ಕೋಣೆಗೂ ಅದೇ ಕಟ್ಟಳೆ ಸಾಕು. ಹೊಲದ ಕೆಸರು ಮೆಟ್ಟಿದ ಚಪ್ಪಲಿ, ಹಳೆಯ ಬಾಳೆಯ ಬುಡ ಕೆದಕಿದ ಗುದ್ದಲಿ ಅಲ್ಲಿಗೆ ಬರಬಾರದು.

ಇಲ್ಲಿ ನನ್ನ ಸ್ವಂತ ತಪ್ಪೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಹನ್ನೆರಡು ಸಸಿಗಳನ್ನು ಮನೆಯೊಳಗೆ ಮೇಲೆ ಹೇಳಿದಂತೆಯೇ ಸಾಕಿದೆ. ಒಂದೂ ಸಾಯಲಿಲ್ಲ, ಸ್ವಲ್ಪ ಜಂಬವೂ ಬಂದಿತ್ತು. ತಟ್ಟೆಯಿಂದ ಚೀಲಕ್ಕೆ ಬದಲಾಯಿಸುವ ದಿನ, ನಮ್ಮ ಹಿತ್ತಲಿನಲ್ಲಿ ಹಿಂದೆ ರಸಬಾಳೆಯ ಗುತ್ತಿ ಇದ್ದ ಜಾಗದ ಮಣ್ಣು ಕಪ್ಪಗೆ, ಸಡಿಲವಾಗಿ ಕಂಡಿತು. ಅದನ್ನೇ ಬಾಚಿ ತುಂಬಿದೆ. ಆ ಗುತ್ತಿ ಹೋದದ್ದು ಸೊರಗು ರೋಗದಿಂದಲೇ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಇಷ್ಟು ವರ್ಷಗಳಾಗಿವೆ, ಇನ್ನೇನಿದ್ದೀತು ಎಂದುಕೊಂಡೆ. ಎಂಟನೆಯ ತಿಂಗಳಿಗೆ ಹನ್ನೆರಡರಲ್ಲಿ ಹತ್ತು ಗಿಡಗಳ ಎಲೆ ಜೋತುಬಿದ್ದವು. ನನ್ನ ಸೊಸೆ ಒಂದು ಮಾತೂ ಆಡಲಿಲ್ಲ. ಗುದ್ದಲಿಯನ್ನು ಮಾತ್ರ ತಂದು ನನ್ನ ಮುಂದಿಟ್ಟಳು.

ಈ ಶಿಲೀಂಧ್ರದ ಬೀಜಕಣಗಳು ಬಾಳೆಯಿಲ್ಲದ ಮಣ್ಣಿನಲ್ಲಿಯೂ ದಶಕಗಳ ಕಾಲ ಬದುಕಿರಬಲ್ಲವು. ಅಂಗಾಂಶ ಕೃಷಿಯ ಸಸಿ ರೋಗವಿಲ್ಲದ ಸಸಿಯೇ ಹೊರತು ರೋಗ ತಟ್ಟದ ಸಸಿಯಲ್ಲ. ಇದನ್ನು ಸ್ಪಷ್ಟವಾಗಿ ಹೇಳದೆ ಮಾರುವವರೂ, ಕೇಳದೆ ಕೊಳ್ಳುವವರೂ ಇದ್ದಾರೆ. ಆದುದರಿಂದ ಚೀಲಕ್ಕೆ ತುಂಬುವುದು ಕೊಕೊಪೀಟ್, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬಾಳೆ ಕಾಣದ ಜಾಗದ ಮಣ್ಣಾಗಿರಲಿ. ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿದ್ದರೆ ಇನ್ನೂ ಒಳ್ಳೆಯದು. ನೆಡುವ ಜಾಗವೂ ಹೊಸದಾಗಿರಬೇಕು. ಭತ್ತದ ನೀರು ನಿಂತ ಗದ್ದೆಯಲ್ಲಿ ಈ ಶಿಲೀಂಧ್ರ ತಗ್ಗುತ್ತದೆ, ಆದರೆ ಪೂರ್ತಿ ಅಳಿಯುತ್ತದೆಂದು ನಂಬಬಾರದು. ಬೇರೆ ಜಾಗವೇ ಇಲ್ಲದವರು ಸಿಮೆಂಟಿನ ದೊಡ್ಡ ತೊಟ್ಟಿಯಲ್ಲಿ ಹೊರಗಿನ ಮಣ್ಣು ತುಂಬಿ ಒಂದೆರಡು ಗಿಡ ಬೆಳೆಸಿಕೊಳ್ಳಲಿ.

ಹೊರಗಿನ ಬಿಸಿಲಿನ ಅಭ್ಯಾಸವನ್ನೂ ಹೀಗೆಯೇ ಮಾಡಿಸಬೇಕು. ಚೀಲಕ್ಕೆ ಬಂದ ಸಸಿಗಳು ಅರ್ಧ ಬೆಳಕು ಬಿಡುವ ನೆರಳು ಪರದೆಯ ಅಡಿಯಲ್ಲಿಯೋ, ಜಗುಲಿಯ ಅಂಚಿನಲ್ಲಿಯೋ ಇರಲಿ. ಕೊನೆಯ ಎರಡು ವಾರ ಎಳೆಬಿಸಿಲಿಗೆ ಮೊದಲ ದಿನ ಒಂದು ಗಂಟೆ, ಮಾರನೆಯ ದಿನ ಎರಡು ಎಂದು ಹೆಚ್ಚಿಸುತ್ತಾ ಹೋಗಬೇಕು. ನರಸೀಪುರದ ತಾಯಿ ನಡುಮನೆಯಿಂದ ನೇರವಾಗಿ ಹಿತ್ತಲಿಗೆ ಒಯ್ದದ್ದರಿಂದಲೇ ಆ ಎಲೆಗಳು ಸುಟ್ಟವು. ಐದಾರು ಎಲೆ ಬಂದು, ಒಂದಡಿ ಎತ್ತರವಾದ ಮೇಲೆ, ಮೋಡವಿರುವ ಸಂಜೆ ನೆಡುವುದು ಸರಿ.

ಕೊಳ್ಳುವಾಗ ನೋಡಬೇಕಾದ ಒಂದೆರಡು ಅಂಶಗಳನ್ನೂ ಸೇರಿಸುತ್ತೇನೆ. ಎಲೆಯಲ್ಲಿ ಬಿಳಿ-ಹಳದಿ ಮಚ್ಚೆಯಿರುವ, ಎಲೆಗಳು ಒಂದೇ ಕಡೆ ಗುಂಪಾಗಿರುವ, ಕುಳ್ಳಾಗಿಯೇ ಉಳಿದ ಸಸಿಗಳನ್ನು ಕರುಣೆಯಿಲ್ಲದೆ ತೆಗೆದುಹಾಕಿ. ಪ್ರಯೋಗಶಾಲೆಯಲ್ಲಿ ಕೆಲವು ಸಸಿಗಳು ಹೀಗೆ ತಳಿಗೆಡುವುದುಂಟು. ಶಿಲೀಂಧ್ರ ತಪ್ಪಿದರೂ ಗೊಂಚಲು ತುದಿ ರೋಗದಂತಹ ನಂಜಾಣುಗಳು ತಾಯಿಗಿಡದಿಂದ ಬರಬಲ್ಲವು. ಇದರ ಪರೀಕ್ಷೆಗೆಂದೇ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಲ್ಲಿ ಅಂಗಾಂಶ ಕೃಷಿ ಸಸಿಗಳ ಪ್ರಮಾಣೀಕರಣ ವ್ಯವಸ್ಥೆಯನ್ನು ಆರಂಭಿಸಿತು. ಆ ಪ್ರಮಾಣಪತ್ರ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಸಂದೇಹವಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬನ್ನಿ. ಜಾತ್ರೆಯ ಕೃಷಿಮೇಳದ ಜಂಗುಳಿಯಲ್ಲಿ ಕೇಳುವುದಕ್ಕಿಂತ ಸಾಮಾನ್ಯ ದಿನದಲ್ಲಿ, ಬಾಡಿದ ಎಲೆಯನ್ನು ಕೈಯಲ್ಲಿ ಹಿಡಿದು ಹೋದರೆ ಉತ್ತರ ಚೆನ್ನಾಗಿ ದೊರೆಯುತ್ತದೆ.

ಆ ತಾಯಿಯ ಬಳಿ ಇನ್ನೂ ಆರು ಸಸಿಗಳಿವೆ. ಟ್ಯೂಬು ಕಟ್ಟಿಸಿದ್ದಾಗಿ ಮೊನ್ನೆ ಅವರ ಮಗ ದೂರವಾಣಿಯಲ್ಲಿ ತಿಳಿಸಿದನು. ಮಣ್ಣು ಎಲ್ಲಿಯದೆಂದು ಕೇಳಿದೆ. ಅಜ್ಜಿಯ ಕಾಲದ ಬಾಳೆಯ ಪಾತಿಯದೆಂದನು. ಅದನ್ನು ಅಲ್ಲಿಯೇ ಬಿಡಲು ಹೇಳಿದ್ದೇನೆ.