ಸಾಲ ಕೊಟ್ಟವರಿಗೆ ಹೊಣೆ ಬೇಡವೇ?

ಬೈಂದೂರಿನಿಂದ ಬ್ರಹ್ಮಾವರದವರೆಗೆ 66ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಅಂಗಡಿ ಕಟ್ಟಡಗಳು ಏಳುತ್ತಿವೆ. ಕಟ್ಟಿಸುವ ಧಣಿ ನೆಲವನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ಎತ್ತುತ್ತಾನೆ. ಕುಂದಾಪುರದ ಜವಳಿ ವ್ಯಾಪಾರಿಯೋ, ನಿವೃತ್ತಿಯ ಹಣದಲ್ಲಿ ಮಗನಿಗೊಂದು ಅಂಗಡಿ ಹಾಕಿಕೊಡಬೇಕೆಂಬ ಹೆಂಚಿನ ಕಾರ್ಖಾನೆಯ ಕಾರ್ಮಿಕನೋ ಅದೇ ಕಟ್ಟಡದ ಒಂದು ಕೋಣೆಗೆ ಮುಂಗಡ ಕೊಡುತ್ತಾನೆ. ಕಟ್ಟಡ ಮುಗಿದರೆ ಎಲ್ಲರಿಗೂ ಸುಖ. ನಡುವೆ ನಿಂತರೆ? ಬ್ಯಾಂಕು ಸಾಲ ತಡೆಹಿಡಿಯಿತೆಂದು ಧಣಿ ದೂರುತ್ತಾನೆ. ಧಣಿ ಹಣವನ್ನು ಬೇರೆಡೆಗೆ ಸಾಗಿಸಿದನೆಂದು ಬ್ಯಾಂಕು ದೂರುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಸಾಲದು. ಸಾಲ ಕೊಟ್ಟವರೂ ಇಸಕೊಂಡವರೂ ಈರಭದ್ರರೇ. ಮುಂಗಡ ಕೊಟ್ಟವನೊಬ್ಬನೇ ಕೋಡಂಗಿ.

2002ರ ಸರ್ಫೇಸಿ ಕಾಯಿದೆಯ ಪ್ರಕಾರ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಮುಂಗಡ ಕೊಟ್ಟವನ ಕೈಯಲ್ಲಿರುವುದು ಒಂದು ರಸೀದಿ. ಇಷ್ಟು ದೊಡ್ಡ ಹಕ್ಕು ಪಡೆದವರಿಗೆ ಹೊಣೆಯೂ ಇರಬೇಡವೇ ಎಂಬುದೇ ನಮ್ಮ ಪ್ರಶ್ನೆ.

ಇದು ನಮ್ಮ ಕಲ್ಪನೆಯಲ್ಲ. ನೋಯ್ಡಾದ ಅಮ್ರಪಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜುಲೈ 23ರಂದು, ಬ್ಯಾಂಕುಗಳು ತಾವು ಕೊಟ್ಟ ಹಣ ಎಲ್ಲಿ ಹೋಯಿತೆಂದು ನೋಡಲಿಲ್ಲವೆಂದು ಆಕ್ಷೇಪಿಸಿ, ಮನೆ ಕೊಂಡವರ ಮನೆಗಳನ್ನು ಮಾರಿ ಬಾಕಿ ವಸೂಲು ಮಾಡುವ ಹಕ್ಕು ಅವಕ್ಕಿಲ್ಲವೆಂದು ತೀರ್ಪಿತ್ತಿತು. ಅಡವಿನ ಕಟ್ಟಡವನ್ನು ವಶಕ್ಕೆ ತೆಗೆದುಕೊಂಡ ಬ್ಯಾಂಕಿನ ಮೇಲೂ ರೇರಾ ಪ್ರಾಧಿಕಾರದಲ್ಲಿ ದೂರು ಕೊಡಬಹುದೆಂದು ರಾಜಸ್ಥಾನದ ಹೈಕೋರ್ಟು 2021ರಲ್ಲಿ ಹೇಳಿತು. ಅದನ್ನು ಪ್ರಶ್ನಿಸಿ ಯೂನಿಯನ್ ಬ್ಯಾಂಕು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ವಜಾ ಮಾಡಿತು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಲೀನವಾದದ್ದು ಇದೇ ಯೂನಿಯನ್ ಬ್ಯಾಂಕಿನಲ್ಲಿ. 2016ರ ರೇರಾ ಕಾಯಿದೆಯ ವ್ಯಾಖ್ಯೆಯಲ್ಲಿ ಮನೆಯಷ್ಟೇ ಅಲ್ಲ, ಅಂಗಡಿ, ಗೋದಾಮು, ಕಚೇರಿಗಳೂ ಸೇರಿವೆ ಎಂಬುದನ್ನು ವರ್ತಕ ಬಂಧುಗಳು ಮರೆಯಬಾರದು.

ಆದರೆ ಈ ಪರಿಹಾರಗಳೆಲ್ಲ ಮನೆ ಸುಟ್ಟ ಮೇಲೆ ಬಾವಿ ತೋಡಿದಂತೆ. ಬೆಂಕಿ ಹತ್ತುವ ಮೊದಲೇ ಅದನ್ನು ಕಾಣಬಲ್ಲವರು ಯಾರು? ಬ್ಯಾಂಕಿನವರೇ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂಥ ಯೋಜನೆಗಳಿಗೆ ಕೆಲಸ ನಡೆದ ಹಂತಕ್ಕೆ ತಕ್ಕಷ್ಟೇ ಸಾಲ ಬಿಡುಗಡೆಯಾಗಬೇಕು. ಆ ಹಂತವನ್ನು ಸ್ವತಂತ್ರ ಎಂಜಿನಿಯರೋ ವಾಸ್ತುಶಿಲ್ಪಿಯೋ ದೃಢಪಡಿಸಬೇಕು. ಒಳ್ಳೆಯದೇ. ಆದರೆ ಆ ಪತ್ರ ಬ್ಯಾಂಕಿನ ಕಪಾಟಿನಲ್ಲಿ ಉಳಿದರೆ, ಮುಂಗಡದ ಕಂತು ಕಟ್ಟುವವನಿಗೆ ಅದರಿಂದ ಏನು ಬಂತು?

ಬ್ಯಾಂಕಿನ ಹಣ ಠೇವಣಿದಾರರ ಹಣ, ಅದು ಮುಳುಗಬಾರದು ಎಂಬ ವಾದವಿದೆ. ವಾದ ಸುಳ್ಳಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಆರಂಭಿಸಿದ್ದು ನಮ್ಮ ಈ ಜಿಲ್ಲೆಯಲ್ಲೇ. ಆದರೆ ಪಿಗ್ಮಿ ಕಟ್ಟುವ ಅಂಗಡಿಕಾರ, ಮುಂಗಡ ಕೊಡುವ ಅಂಗಡಿಕಾರ ಬೇರೆ ಬೇರೆಯೇ? ಒಂದು ಕೈಯ ದುಡ್ಡನ್ನು ಕಾಯಲು ಅವನದೇ ಇನ್ನೊಂದು ಕೈ ಕಡಿಯುವುದು ಯಾವ ನ್ಯಾಯ? ಎಂಜಿನಿಯರು, ವಕೀಲರು, ಮೂಲ ದಸ್ತಾವೇಜು ಎಲ್ಲವೂ ಯಾರ ಬಳಿ ಇವೆಯೋ ನಷ್ಟದ ಮೊದಲ ಪಾಲು ಅವರದಾಗಲಿ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಒಂದು, ಸಾಲದ ಮೊತ್ತ, ಅಡವಿನ ವಿವರ, ಎಂಜಿನಿಯರರ ಹಂತಪತ್ರ ಕಟ್ಟಡದ ಮುಂದಿನ ಫಲಕದಲ್ಲಿ ಎಲ್ಲರಿಗೂ ಕಾಣಬೇಕು, ಕನ್ನಡದಲ್ಲಿ. ಎರಡು, ಹಂತ ಮೀರಿ ಸಾಲ ಬಿಟ್ಟ, ಹಣ ಅನ್ಯತ್ರ ಹೋಗುವುದನ್ನು ಬಲ್ಲ ಬ್ಯಾಂಕಿನ ಅಡವಿನ ಹಕ್ಕು ಮುಂಗಡದವರ ಹಕ್ಕಿನ ಹಿಂದೆ ನಿಲ್ಲಬೇಕು. ಮೂರು, 500 ಚದರ ಮೀಟರು ಮೀರದ ನೆಲಕ್ಕೆ ಅಥವಾ 8 ಕೋಣೆ ಮೀರದ ಕಟ್ಟಡಕ್ಕೆ ರೇರಾ ನೋಂದಣಿ ಬೇಡವೆಂಬ ರಿಯಾಯಿತಿ ಹೋಗಬೇಕು. ನಮ್ಮ ಊರಿನ ಲೆಕ್ಕದಲ್ಲಿ ಅದು 12 ಸೆಂಟ್ಸಿಗೆ ತುಸು ಮೇಲೆ. ಸಣ್ಣ ಪೇಟೆಗಳಲ್ಲಿ ಅಷ್ಟು ಜಾಗದಲ್ಲೇ ಹತ್ತಾರು ಅಂಗಡಿಗಳು ಏಳುತ್ತವೆ! ಈ ಮಿತಿಯನ್ನು ಇಳಿಸಲು ಪಾರ್ಲಿಮೆಂಟಿಗೆ ಹೋಗಬೇಕಾಗಿಲ್ಲ. ಕಾಯಿದೆಯ 3ನೆಯ ಕಲಮೇ ರಾಜ್ಯ ಸರಕಾರಕ್ಕೆ ಆ ಅಧಿಕಾರ ಕೊಟ್ಟಿದೆ.

ಅಲ್ಲಿಯವರೆಗೆ ಓದುಗರು ಎಚ್ಚರವಾಗಿರಬೇಕು. ಮೂಲ ದಸ್ತಾವೇಜು ಎಲ್ಲಿದೆ ಎಂದು ಕೇಳಿರಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿರಿ. ಅಡವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿರಿ. ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಕೇಳುವುದು ರೇರಾ ಕಾಯಿದೆಗೆ ವಿರುದ್ಧವೆಂದು ಧಣಿಯ ಮುಖಕ್ಕೇ ಹೇಳಿರಿ. ಒಬ್ಬೊಬ್ಬರೇ ಕೇಳಿದರೆ ಬಾಗಿಲು ಮುಚ್ಚಬಹುದು. ಮೂರೂ ತಾಲೂಕುಗಳ ವರ್ತಕರ ಸಂಘಗಳೂ ಕಾರ್ಮಿಕ ಸಂಘಗಳೂ ಒಂದೇ ಮನವಿಗೆ ಸಹಿ ಹಾಕಿ ಜಿಲ್ಲಾಧಿಕಾರಿಯ ಮೂಲಕ ಸರಕಾರಕ್ಕೆ ಕಳುಹಿಸಲಿ. ಸಾಲದ ಲಾಭದಲ್ಲಿ ಪಾಲುಗೊಳ್ಳುವವರು ಹೊಣೆಯಲ್ಲೂ ಪಾಲುಗೊಳ್ಳಲಿ.