ಶಾಲೆ ತೆರೆಯುವ ದಿನವೇ ಎಲ್‌ಕೆಜಿಗೆ ಟೀಚರ್ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ಯಾದಗಿರಿ ಜಿಲ್ಲೆಯ ಸಣ್ಣ ಊರೊಂದರ ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯ ನಾನು. ಎಲ್‌ಕೆಜಿ, ಯುಕೆಜಿ ಶುರುವಾದ ಮೇಲೆ ನಮ್ಮಲ್ಲಿ ದಾಖಲಾತಿ ಏರಿದೆ. ಖಾಸಗಿ ಶಾಲೆಯ ಫೀಸಿಗಾಗಿ ಸಾಲ ಮಾಡುತ್ತಿದ್ದವರೂ ಮಕ್ಕಳನ್ನು ಇಲ್ಲಿಗೆ ಕರೆತರುತ್ತಿದ್ದಾರೆ. ಇದು ಒಳ್ಳೆಯ ಕೆಲಸ, ನಿಲ್ಲಬಾರದು.

ಆದರೆ ಬರುವ ಮಕ್ಕಳು ಯಾರೆಂಬುದನ್ನು ತಾವು ನೋಡಬೇಕು. ಹಮಾಲರ, ಗೌಂಡಿಗಳ, ಹತ್ತಿ ಬಿಡಿಸಲು ಹೋಗುವವರ, ತಳ್ಳುಗಾಡಿಯಲ್ಲಿ ಹಣ್ಣು ಮಾರುವವರ ಮಕ್ಕಳು. ಕೆಲವರ ಮನೆಮಾತು ಲಂಬಾಣಿ, ಕೆಲವರದು ಉರ್ದು, ಇನ್ನು ಕೆಲವರದು ತೆಲುಗು. ಕನ್ನಡ ಕಿವಿಗೆ ಬಿದ್ದಿರುತ್ತದೆ, ಬಾಯಿಗೆ ಬಂದಿರುವುದಿಲ್ಲ. ನಾಲ್ಕು ವರ್ಷದ ಅಂಥ ಮಗುವಿಗೆ ಅಕ್ಷರಕ್ಕಿಂತ ಮೊದಲು ದಿನಾ ಕಾಣುವ ಒಂದು ಪರಿಚಿತ ಮುಖ ಬೇಕು.

ನಮ್ಮಲ್ಲಿ ಶಾಲೆ ತೆರೆದಾಗ ಆ ಮುಖವೇ ಇರಲಿಲ್ಲ. ಅತಿಥಿ ಶಿಕ್ಷಕಿಯ ನೇಮಕ ತಡವಾಯಿತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ತನ್ನ ಪಾಠ ಬಿಟ್ಟು ತಮ್ಮನ ಪಕ್ಕ ಕೂತಿದ್ದಳು. ಅವನು ಅವಳ ಲಂಗದ ಚುಂಗು ಬಿಡಲೊಲ್ಲ. ನೀರಡಿಕೆಯಾದರೆ ಅವನನ್ನು ಅವಳೇ ಎತ್ತಿ ಹಿಡಿಯಬೇಕು, ಏಕೆಂದರೆ ನಲ್ಲಿ ಇರುವುದು ದೊಡ್ಡ ಮಕ್ಕಳ ಎತ್ತರಕ್ಕೆ. ಶೌಚಾಲಯದ ಬಾಗಿಲ ಚಿಲಕವೂ ಅಷ್ಟೇ. ಹೀಗೆ ಒಂದು ಮಗು ಶಾಲೆಗೆ ಸೇರಿತು, ಇನ್ನೊಂದು ಮಗುವಿನ ಓದು ಕೈತಪ್ಪಿತು. ಕಡೆಗೆ ಬಂದ ಟೀಚರಮ್ಮ ಬಹಳ ಒಳ್ಳೆಯವರು. ಮಕ್ಕಳು ಅವರಿಗೆ ಹೊಂದಿಕೊಂಡರು. ಆದರೆ ಮುಂದಿನ ವರ್ಷವೂ ಅವರೇ ಬರುತ್ತಾರೆಂಬ ಖಾತ್ರಿ ಅವರಿಗೂ ಇಲ್ಲ, ನಮಗೂ ಇಲ್ಲ.

ದೀಪಾವಳಿ ಕಳೆದರೆ ಇಲ್ಲಿನ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳಲ್ಲಿ ಕೆಲವರು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಕೆಲವರು ಜೊತೆಗೇ ಹೋಗುತ್ತಾರೆ. ತಿರುಗಿ ಬಂದಾಗ ಗುರುತು ಹಿಡಿದು ಒಳಗೆ ಕರೆದು ಕೂರಿಸಿಕೊಳ್ಳುವವರು ಯಾರು?

ಕಾನೂನು ಏನೆನ್ನುತ್ತದೆ ನೋಡಿ. ಸಂವಿಧಾನದ 45ನೇ ವಿಧಿ 2002ರ ತಿದ್ದುಪಡಿಯ ನಂತರ ಆರು ವರ್ಷದೊಳಗಿನ ಎಲ್ಲ ಮಕ್ಕಳ ಪಾಲನೆ, ಶಿಕ್ಷಣಕ್ಕೆ ರಾಜ್ಯ ಪ್ರಯತ್ನಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಖಾತ್ರಿ ಮಾತ್ರ ಆರು ವರ್ಷದಿಂದ ಶುರು. ಅದಕ್ಕಿಂತ ಚಿಕ್ಕವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎಂದಷ್ಟೇ 11ನೇ ಸೆಕ್ಷನ್ ಹೇಳುತ್ತದೆ. ಹಕ್ಕಿಲ್ಲದ ಈ ತರಗತಿಗಳಿಗೆ ಕಾಯಂ ಹುದ್ದೆಯೂ ಇಲ್ಲ. ತೊಡಕು ಇರುವುದೇ ಇಲ್ಲಿ. ಆದರೆ ಹುದ್ದೆ ಮಂಜೂರು ಮಾಡುವುದನ್ನು ಆ ಕಾಯ್ದೆ ತಡೆಯುವುದಿಲ್ಲ.

ಅಂಗನವಾಡಿಯನ್ನು ಎಲ್‌ಕೆಜಿಯ ಎದುರಾಳಿ ಮಾಡಬೇಡಿ. ನಮ್ಮ ರಾಜ್ಯದ ಮಟ್ಟಿಗೆ 1975ರಲ್ಲಿ ಟಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ಯೋಜನೆಯನ್ನು ಇಷ್ಟು ದೂರ ಹೊತ್ತು ತಂದವರು ಕಾರ್ಯಕರ್ತೆಯರು. ಮಕ್ಕಳು ಎಲ್‌ಕೆಜಿಗೆ ಹೋದರೆ ಕೇಂದ್ರ ಖಾಲಿಯಾಗುತ್ತದೆಂಬ ಅವರ ಆತಂಕ ನಿಜವಾದದ್ದು. ಮನೆಮನೆಯ ಮಗುವಿನ ತೂಕ, ಲಸಿಕೆ, ಹಟ ಎಲ್ಲ ಬಲ್ಲ ಅವರನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೊಂದಿಗೆ ಕೂತು ಈ ತರಗತಿಗಳೊಳಗೆ ತನ್ನಿ.

ನಮ್ಮ ಬೇಡಿಕೆ ದೊಡ್ಡದಲ್ಲ. ತರಬೇತಾದ ಕಾಯಂ ಶಿಕ್ಷಕಿ, ವರ್ಷಪೂರ್ತಿ ಸಂಬಳ ಸಿಗುವ ಆಯಾ, ಪುಟ್ಟ ಮಕ್ಕಳ ಎತ್ತರದ ನಲ್ಲಿ ಮತ್ತು ಶೌಚಾಲಯ. ಕಾಯಂ ನೇಮಕಕ್ಕೆ ಸಮಯ ಹಿಡಿಯುತ್ತದೆಂದರೆ, ಈಗಿರುವ ಅತಿಥಿ ಶಿಕ್ಷಕಿಯರನ್ನೇ ಮುಂದುವರಿಸುವ ಆದೇಶವನ್ನು ಏಪ್ರಿಲ್‌ನಲ್ಲೇ ಹೊರಡಿಸಿ.

ಇಂತಿ,
ಒಬ್ಬ ಪೋಷಕ