ಜಾರುವುದನ್ನೂ ಕಲಿಯಬೇಕು



ಕಳೆದ ಫಾಲ್ಗುಣದಲ್ಲಿ ಆದಿಚುಂಚನಗಿರಿಯ ಜಾತ್ರೆಗೆಂದು ನಾಗಮಂಗಲ ತಾಲ್ಲೂಕಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಬೆಂಗಳೂರಿಗೆ ಹೋಗಿಬರುವ ನಮ್ಮ ಸದಸ್ಯರಲ್ಲಿ ಅನೇಕರಿಗೆ ಆ ದಾರಿ ಹೊಸದಲ್ಲ. ಹಾಸನ, ಚನ್ನರಾಯಪಟ್ಟಣ, ಹಿರೀಸಾವೆ ದಾಟಿ ಬೆಳ್ಳೂರು ಕ್ರಾಸ್ ಮುಟ್ಟಿದರೆ ಬೆಟ್ಟ ಹತ್ತಿರವೇ. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಊರಾಚೆಯ ಬೀಳು ಹೊಲದ ಕಡೆಯಿಂದ ಕೆಂಧೂಳು ಮೇಲೆದ್ದಿತು. ನೋಡಿದರೆ ನನ್ನ ಸೋದರಳಿಯ ತನ್ನ ಕಾರನ್ನು ಆ ಗರಸು ನೆಲದ ಮೇಲೆ ಗುಂಡಾಗಿ ಸುತ್ತಿಸುತ್ತಿದ್ದ. ಕಾರಿನ ಮೂತಿ ಒಂದು ಕಡೆಗೆ, ಅದು ಹೋಗುತ್ತಿದ್ದದ್ದು ಇನ್ನೊಂದು ಕಡೆಗೆ. ಅದು ಪಂದ್ಯದ ಕಾರಲ್ಲ. ದಿನವೂ ಓಡಾಡುವ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವ ಸಾಮಾನ್ಯ ಕಾರು. ಹುಡುಗರು ಇದನ್ನು ಡ್ರಿಫ್ಟಿಂಗ್ ಎನ್ನುತ್ತಾರೆ.

ಭಾವನವರು ಜಗಲಿಯ ತುದಿಯಲ್ಲಿ ನಿಂತು, "ನೋಡಿ, ದುಡಿದ ದುಡ್ಡಿಗೆ ಹೆಂಗೆ ಬೆಂಕಿ ಇಕ್ತಾವ್ನೆ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಬುದ್ಧಿ ಹೇಳೋಣವೆಂದೇ ಹೊಲದ ಹತ್ತಿರ ಹೋದೆ. ಹುಡುಗ ಕಾರು ನಿಲ್ಲಿಸಿ ಇಳಿದು, "ಬಯ್ಯೋದು ಆಮೇಲೆ ಬಯ್ಯೋರಂತೆ ಮಾವ, ಮೊದಲು ನೀವೊಂದ್ ಸುತ್ತು ಹಿಡೀರಿ" ಎಂದ.

ಮೂವತ್ತು ವರ್ಷ ತೋಟದ ದಾರಿಯಲ್ಲಿ ಜೀಪು ಓಡಿಸಿದವನು ನಾನು. ಇವನೇನು ಕಲಿಸಿಯಾನು ಎಂಬ ಬಿಂಕದಿಂದಲೇ ಕುಳಿತೆ. ಎರಡನೆಯ ಗೇರಿನಲ್ಲಿ ಮೂವತ್ತು ಕಿಲೋಮೀಟರ್ ವೇಗ ಬಂದಾಗ ಅವನು ಹೇಳಿದಂತೆ ತಿರುಗಿಸಿದೆ. ಹಿಂಭಾಗ ಜಾರತೊಡಗಿತು. ಕೂಡಲೇ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಕಾರು ತಿರುಗುವುದನ್ನು ಬಿಟ್ಟು ನೇರವಾಗಿ ನುಗ್ಗಿ, ನಾನು ಹೋಗಬೇಕೆಂದಿದ್ದ ಜಾಗಕ್ಕಿಂತ ಎಷ್ಟೋ ಆಚೆ ನಿಂತಿತು. "ಬ್ರೇಕ್ ಮೇಲೆ ನಿಂತ್ಕಂಡ್ ಬುಟ್ರಲ್ಲ ಮಾವ" ಎಂದು ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಆ ನೇರ ನುಗ್ಗುವಿಕೆಯನ್ನು ನಾನು ಹಿಂದೊಮ್ಮೆ ಕಂಡಿದ್ದೆ.

ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ನಮ್ಮ ತೋಟದ ಇಳಿಜಾರಿನ ತಿರುವಿನಲ್ಲಿ ಜೀಪು ಹೀಗೆಯೇ ನುಗ್ಗಿತ್ತು. ಹಿಂದೆ ಏಳು ಜನ ಕೆಲಸದವರು ಕುಳಿತಿದ್ದರು. ನಾಲ್ಕು ಚಕ್ರದ ಗೇರು ಹಾಕಿದ್ದೇನೆ, ಇನ್ನೇನು ಭಯ ಎಂಬ ಧೈರ್ಯ ನನಗೆ. ಕೆಸರಿನಲ್ಲಿ ಜಾರಿದೊಡನೆ ಬ್ರೇಕು ಒತ್ತಿ ಹಿಡಿದೆ. ಮುಂದಿನ ಚಕ್ರಗಳು ಕಚ್ಚಿ ನಿಂತವು, ಸ್ಟಿಯರಿಂಗು ತಿರುಗಿಸಿದರೂ ಗಾಡಿ ತಿರುಗಲಿಲ್ಲ. ಚರಂಡಿ ದಾಟಿ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಒಬ್ಬ ಹೆಂಗಸಿನ ಬಲಗಾಲು ಮುರಿಯಿತು. ಚಿಕಿತ್ಸೆಯ ಖರ್ಚು ನಾನೇ ನೋಡಿಕೊಂಡೆ, ನಿಜ. ಆದರೆ ಅವರು ಇಂದಿಗೂ ಇಳಿಜಾರಿನ ಪಟ್ಟೆಗೆ ಹಣ್ಣು ಕುಯ್ಯಲು ಇಳಿಯಲಾರರು, ಕಣದ ಕೆಲಸವಷ್ಟೇ ಮಾಡುತ್ತಾರೆ. ಇಷ್ಟು ವರ್ಷ ನಾನು ಮಳೆಯನ್ನು ದೂರಿದೆ, ಟೈರನ್ನು ದೂರಿದೆ. ಆ ಗರಸು ಹೊಲದಲ್ಲಿ ಕುಳಿತಾಗ, ತಪ್ಪು ನನ್ನ ಕಾಲಿನದು ಎಂಬುದು ಮನಸ್ಸಿಗೆ ನಾಟಿತು. ಆದ್ದರಿಂದಲೇ ಈ ಲೇಖನ.

ನನ್ನ ಅಭಿಪ್ರಾಯ ಇಷ್ಟು: ಗಾಡಿ ಜಾರಿಸುವುದನ್ನು ಹುಡುಗರ ಹುಚ್ಚೆಂದು ತಳ್ಳಿಹಾಕದೆ, ಅದನ್ನು ರಸ್ತೆಯಿಂದ ಬಿಡಿಸಿ ಬಯಲಿಗೆ ತಂದು, ನಾವೂ ಕಲಿಯಬೇಕು.

ಮೊದಲಿಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಕೀಳಬೇಕಾಗಿದೆ. ನಾಲ್ಕೂ ಚಕ್ರಕ್ಕೆ ಎಳೆತವಿದ್ದರೆ ಗಾಡಿ ಹೊರಡುವುದಕ್ಕೆ, ಏರು ಹತ್ತುವುದಕ್ಕೆ, ಕೆಸರಿನಿಂದ ಈಚೆ ಬರುವುದಕ್ಕೆ ಅನುಕೂಲ. ನಿಲ್ಲುವುದಕ್ಕೆ ಮಾತ್ರ ಅದರಿಂದ ಹೆಚ್ಚಿನ ಉಪಕಾರವಿಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ. ಎರಡು ಚಕ್ರದ ಎಳೆತದ ಗಾಡಿ ಹತ್ತಲಾರದೆ ನಿಂತುಬಿಡುವ ದಾರಿಯಲ್ಲಿ ಇದು ಸಲೀಸಾಗಿ ಹತ್ತಿ, ಇಳಿಯುವಾಗ ಅದರಷ್ಟೇ ಜಾರುತ್ತದೆ. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಈ ಲೆಕ್ಕ ಯಾವ ಗಾಡಿಗೂ ರಿಯಾಯಿತಿ ಕೊಡುವುದಿಲ್ಲ.

ಎರಡನೆಯದು, ಟೈರಿನ ಹಿಡಿತ. ಒಬ್ಬ ಆಳು ಒಂದು ಮೂಟೆ ಹೊರಬಲ್ಲ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಕಾಫಿ, ಅರ್ಧ ಅಡಕೆ ತುಂಬಬಹುದು. ಎರಡೂ ಪೂರ್ತಿ ಮೂಟೆ ಹೊರಿಸಿದರೆ ಆತ ಕುಸಿಯುತ್ತಾನೆ. ಟೈರೂ ಹಾಗೆಯೇ. ತಿರುಗಿಸುವ ಕೆಲಸ, ನಿಲ್ಲಿಸುವ ಕೆಲಸ ಎರಡನ್ನೂ ಒಂದೇ ಹಿಡಿತದಿಂದ ಮಾಡಬೇಕು. ತಿರುವಿನ ನಡುವೆ ಬ್ರೇಕು ಒತ್ತಿದರೆ ಹಿಡಿತವೆಲ್ಲ ಅದಕ್ಕೇ ಖರ್ಚಾಗಿ ತಿರುಗಿಸಲು ಏನೂ ಉಳಿಯುವುದಿಲ್ಲ. ಆಗ ಮೂತಿ ನೇರಕ್ಕೆ ಹೋಗುತ್ತದೆ. ಇದಕ್ಕೆ ಮದ್ದು ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುವುದಲ್ಲ. ಕಾಲು ಸಡಿಲಿಸಿ, ಸ್ಟಿಯರಿಂಗನ್ನು ಒಂದಿಷ್ಟು ಹಿಂದಕ್ಕೆ ಬಿಟ್ಟು, ಚಕ್ರ ಮತ್ತೆ ನೆಲ ಹಿಡಿಯುವಂತೆ ಮಾಡುವುದು.

ಹಿಂಭಾಗ ಜಾರುವುದು ಬೇರೆ ರೀತಿ. ತಿರುವಿನಲ್ಲಿ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟರೆ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ, ಬಾಲ ಹೊರಕ್ಕೆ ಬೀಸುತ್ತದೆ. ಡ್ರಿಫ್ಟ್ ಮಾಡುವವರು ಬೇಕೆಂದೇ ಇದನ್ನು ಮಾಡುತ್ತಾರೆ. ಬಾಲ ಯಾವ ಕಡೆಗೆ ಜಾರುತ್ತದೆಯೋ ಆ ಕಡೆಗೇ ಸ್ಟಿಯರಿಂಗನ್ನು ತಿರುಗಿಸಿ, ಆಕ್ಸಿಲರೇಟರನ್ನು ಹಿತವಾಗಿ ಒತ್ತುತ್ತಾರೆ. ನಾಲ್ಕು ಚಕ್ರದ ಎಳೆತದ ಕಾರಿನಲ್ಲಿ ಆಗ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆದು ನೆಟ್ಟಗೆ ಮಾಡುತ್ತವೆ. ಕಣ್ಣು ಮಾತ್ರ ಹೋಗಬೇಕಾದ ಕಡೆಗೇ ಇರಬೇಕು. ಮರವನ್ನು ನೋಡಿದರೆ ಕೈ ಮರದ ಕಡೆಗೇ ಎಳೆಯುತ್ತದೆ. ಇಷ್ಟನ್ನು ಓದಿ ತಿಳಿಯಬಹುದು, ಆದರೆ ಓದಿದ್ದು ಕಾಲಿಗೆ ಇಳಿಯುವುದಿಲ್ಲ. ಹತ್ತಿಪ್ಪತ್ತು ಬಾರಿ ಜಾರಿಸಿದ ಮೇಲೆಯೇ ಕಾಲು ಬ್ರೇಕಿನಿಂದ ದೂರ ಉಳಿಯುವುದನ್ನು ಕಲಿಯಿತು ಎಂಬುದು ನನ್ನ ಅನುಭವ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೂ ಅಲ್ಲ. 1980ರಲ್ಲಿ ಜರ್ಮನಿಯ ಆಡಿ ಸಂಸ್ಥೆ ಕ್ವಾಟ್ರೊ ಎಂಬ ಕಾರನ್ನು ಹೊರತಂದು, ನಾಲ್ಕು ಚಕ್ರದ ಎಳೆತ ಜೀಪಿಗಷ್ಟೇ ಮೀಸಲಲ್ಲವೆಂದು ರ‍್ಯಾಲಿ ಪಂದ್ಯಗಳಲ್ಲಿ ತೋರಿಸಿಕೊಟ್ಟಿತು. 1982ರಲ್ಲಿ ತಯಾರಕರ ವಿಶ್ವ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ನಮ್ಮಲ್ಲಿ 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ತೋಟದ ಕೆಲಸಕ್ಕೂ ರ‍್ಯಾಲಿಗೂ ಬಳಸಿದವರುಂಟು. 2010ರ ದಶಕದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲೇ ಏಷ್ಯಾ–ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದವು. ಆ ಪ್ರಶಸ್ತಿಯನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ನಾವು ಹಣ್ಣು ಸಾಗಿಸುವಂಥ ದಾರಿಯಲ್ಲೇ ಲೋಕದ ಚಾಲಕರು ಬಂದು ಜಾರಿ ತೋರಿಸಿ ಹೋದರು. ನಾವು ಬೇಲಿಯಾಚೆ ನಿಂತು ನೋಡಿದೆವು, ಕಲಿಯಲಿಲ್ಲ.

ಇದಕ್ಕೆ ಆಕ್ಷೇಪಣೆಗಳಿರುವುದು ಸಹಜ. ಎಣ್ಣೆ ದುಬಾರಿ, ಟೈರು ಸವೆಯುತ್ತದೆ ಎನ್ನುವರು. ಒಪ್ಪುತ್ತೇನೆ. ಆದರೆ ಗರಸಿನ ಮೇಲೆ, ಕಡಿಮೆ ವೇಗದಲ್ಲಿ ಟೈರು ಸವೆಯುವುದು ಡಾಂಬರಿನ ಮೇಲಿನಷ್ಟಲ್ಲ. ವರ್ಷಕ್ಕೊಂದು ದಿನದ ಎಣ್ಣೆಯ ಖರ್ಚು ಒಂದು ಮುರಿದ ಕಾಲಿಗಿಂತ ಅಗ್ಗ. ಕಲಿತ ಹುಡುಗರು ಹೆದ್ದಾರಿಯಲ್ಲಿ ಆಟ ತೋರಿಸಿಯಾರು ಎಂಬುದು ಇನ್ನೊಂದು ಭಯ. ಈ ಭಯ ಸುಳ್ಳಲ್ಲ. ಕೌಶಲವೆಂದುಕೊಂಡದ್ದು ಎಷ್ಟೋ ಸಲ ಬರಿಯ ಸೊಕ್ಕಾಗಿರುತ್ತದೆ. ಆದರೆ ಬಯಲಿನಲ್ಲಿ ಮೂವತ್ತರ ವೇಗಕ್ಕೇ ಕಾರು ಕೈಮೀರುವುದನ್ನು ಕಂಡವನು ಎಂಬತ್ತರಲ್ಲಿ ಏನಾದೀತೆಂದು ಊಹಿಸಬಲ್ಲ. ಬಯಲು ಕೊಡದೆ ಬೈದು ಕಳಿಸಿದರೆ ಅವನಿಗೆ ಉಳಿಯುವುದು ರಸ್ತೆಯೊಂದೇ.

ಆದಕಾರಣ ಕಟ್ಟುಪಾಡು ಬೇಕೇ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಇದು ಸರ್ವಥಾ ಕೂಡದು. 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಂ ಅಪಾಯಕರ ಚಾಲನೆಗೂ, 189ನೆಯ ಕಲಂ ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ನಡೆಸುವ ಪಂದ್ಯ ಹಾಗೂ ವೇಗದ ಪರೀಕ್ಷೆಗೂ ಶಿಕ್ಷೆ ವಿಧಿಸಿವೆ. ಸಾಮಾನ್ಯ ವಾಹನ ವಿಮೆ ಪಂದ್ಯಕ್ಕೂ ವೇಗದ ಪರೀಕ್ಷೆಗೂ ಅನ್ವಯಿಸುವುದಿಲ್ಲ. ಆದ್ದರಿಂದ ಇದು ಪಂದ್ಯವಾಗಬಾರದು, ಗಡಿಯಾರ ಹಿಡಿಯಬಾರದು, ಬಾಜಿಯಂತೂ ಬೇಡವೇ ಬೇಡ.

ಜಾಗದ ಆಯ್ಕೆಯೇ ಮುಖ್ಯ. ಸ್ವಂತ ಜಮೀನು, ಮಟ್ಟವಾದ ನೆಲ ಇರಬೇಕು. ಉತ್ತ ಹೊಲವಾಗದು, ಏಕೆಂದರೆ ಪಕ್ಕಕ್ಕೆ ಜಾರುವ ಚಕ್ರ ಉಳುಮೆಯ ಸಾಲಿಗೆ ಸಿಕ್ಕಿದರೆ ಗಾಡಿ ಮಗುಚುತ್ತದೆ. ಜೀಪಿನಂಥ ಎತ್ತರದ ಗಾಡಿಗೆ ಈ ಅಪಾಯ ಹೆಚ್ಚು. ನಮ್ಮ ಹೊಲಗಳಲ್ಲಿ ಕಟ್ಟೆಯಿಲ್ಲದ ತೆರೆದ ಬಾವಿಗಳಿವೆ, ಕೊಳವೆ ಬಾವಿಯ ಪೈಪುಗಳಿವೆ, ವಿದ್ಯುತ್ ಕಂಬದ ತಂತಿಗಳಿವೆ. ಇವೆಲ್ಲದರಿಂದ ದೂರವಿರಬೇಕು. ಕುರಿ ಮೇಯುವ ಕೆರೆಯಂಗಳವೂ ಬೇಡ, ಕಾಫಿ ಒಣಗಿಸುವ ಕಣವೂ ಬೇಡ. ಆದಿಚುಂಚನಗಿರಿಯ ಸುತ್ತಿನವರು ಇನ್ನೊಂದು ಮಾತು ನೆನಪಿಡಬೇಕು. ಅಲ್ಲಿನ ಬೆಟ್ಟ 1981ರಿಂದ ನವಿಲುಧಾಮ. ಅದರ ಅಂಚಿನಲ್ಲಿ ಸದ್ದು ಮಾಡುವುದು ತರವಲ್ಲ.

ಗಾಡಿಯಲ್ಲಿ ಚಾಲಕ ಮತ್ತು ಕಲಿಸುವವರು ಇಬ್ಬರೇ ಇರಲಿ, ಇಬ್ಬರೂ ಸೀಟು ಬೆಲ್ಟು ಕಟ್ಟಿರಲಿ. ಒಂದು ಬಾರಿಗೆ ಒಂದೇ ಗಾಡಿ, ಎರಡನೆಯ ಗೇರಿಗೆ ಮೇಲಿಲ್ಲ. ನೋಡುವವರು, ಅದರಲ್ಲೂ ಮಕ್ಕಳು, ನೂರು ಮೀಟರಿನಾಚೆ ನಿಲ್ಲಲಿ. ಎಲ್ಲ ಗಾಡಿಗೂ ಒಂದೇ ಪಾಠವಲ್ಲವಾದ್ದರಿಂದ ಗಾಡಿಯ ಕೈಪಿಡಿ ಓದಿಕೊಂಡು ಬರಬೇಕು. ಹಳೆಯ ಜೀಪು, ಜಿಪ್ಸಿಗಳಲ್ಲಿ ನಾಲ್ಕು ಚಕ್ರದ ಗೇರು ಹಾಕಿದರೆ ಮುಂದಿನ ಹಿಂದಿನ ಚಕ್ರಗಳು ಒಟ್ಟಿಗೆ ಬಿಗಿದುಕೊಳ್ಳುತ್ತವೆ. ಅದು ಜಾರುವ ನೆಲಕ್ಕೆ ಸರಿ, ಒಣ ಡಾಂಬರಿನ ತಿರುವಿನಲ್ಲಿ ಗೇರುಪೆಟ್ಟಿಗೆಗೆ ಪೆಟ್ಟು. ಈಚಿನ ಕಾರುಗಳಲ್ಲಿ ಎಬಿಎಸ್ ಇರುವುದರಿಂದ ಬ್ರೇಕು ಒತ್ತಿದರೂ ಚಕ್ರ ಕಚ್ಚುವುದಿಲ್ಲ, ಸ್ಟಿಯರಿಂಗು ಮಾತು ಕೇಳುತ್ತದೆ. ಆದರೆ ಸಡಿಲ ಗರಸಿನ ಮೇಲೆ ನಿಲ್ಲುವ ದೂರ ಇನ್ನೂ ಹೆಚ್ಚಬಹುದು. ಈ ವ್ಯತ್ಯಾಸವನ್ನೂ ಬಯಲಿನಲ್ಲೇ ತಿಳಿಯಬೇಕು.

ಜಾರಿದಾಗ ಏನು ಮಾಡಬೇಕೆಂದು ಕಲಿತರೆ ಸಾಲದು. ಇಳಿಜಾರಿಗೆ ಮೊದಲೇ ಸಣ್ಣ ಗೇರು ಹಾಕಿ ಎಂಜಿನ್ನಿನ ತಡೆಯಿಂದಲೇ ಇಳಿಯುವುದು, ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಮುಗಿಸುವುದು, ಜನ ತುಂಬಿದ ಗಾಡಿಯನ್ನು ಮಳೆಯ ದಿನ ಇಳಿಜಾರಿನಲ್ಲಿ ನಿಲ್ಲಿಸಿ ಅವರನ್ನು ನಡೆಸಿಕೊಂಡು ಇಳಿಸುವುದು, ಇವು ಇನ್ನೂ ದೊಡ್ಡ ಪಾಠ. ಜಾರಿಸಿ ನೋಡಿದವನಿಗೆ ಇವುಗಳ ಬೆಲೆ ತಾನಾಗಿ ತಿಳಿಯುತ್ತದೆ.

ನಮ್ಮ ಸಂಘವು ಬೋರ್ಡೋ ದ್ರಾವಣ ತಯಾರಿಕೆಯನ್ನು, ಗಿಡ ಸವರುವುದನ್ನು ಪ್ರಾತ್ಯಕ್ಷಿಕೆಯ ಮೂಲಕ ಕಲಿಸುತ್ತದೆ. ಹಾಗೆಯೇ ಮುಂಗಾರಿಗೆ ಮುಂಚೆ ಒಂದು ದಿನ, ಅನುಭವಿ ರ‍್ಯಾಲಿ ಚಾಲಕರೊಬ್ಬರನ್ನು ಕರೆಸಿ, ಸದಸ್ಯರಿಗೂ ಅವರ ಮಕ್ಕಳಿಗೂ ತೋಟದ ಚಾಲಕರಿಗೂ ಈ ಪಾಠ ಏರ್ಪಡಿಸಬೇಕೆಂದು ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ. ಇದರಲ್ಲಿ ಮೋಜಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆರನೆಯ ಸುತ್ತಿಗೆ ಕಾರು ನನ್ನ ಮಾತು ಕೇಳಿ ಅಡ್ಡಕ್ಕೆ ಜಾರಿ ನೆಟ್ಟಗಾದಾಗ, ಈ ವಯಸ್ಸಿನಲ್ಲಿ ನಾನೂ ಹುಡುಗನಂತೆ ಕೂಗಿದೆನಂತೆ. ಭಾವನವರು ಜಗಲಿಯಿಂದ ಇಳಿದು ಬಂದು ಹೊಲದ ಬದುವಿನ ಮೇಲೆ ನಿಂತಿದ್ದರು. ಬಯ್ಯಲಿಲ್ಲ. "ನಂಗೂ ಒಂದ್ ಸುತ್ತು ಕೊಡ್ತಾನಾ ಕೇಳಿ" ಎಂದರು.